ಮರಳಿ ಬಂದ ಒಲವು: ಛಾಯಾಗ್ರಹಣದ ಚರಿತ್ರೆಯಿಂದ ಕೆಲವು ಪುಟಗಳು

ಹರೆಯದಲ್ಲಿ ಹಿಡಿದ ಹವ್ಯಾಸಗಳಲ್ಲಿ ಹೆಚ್ಚಿನವು ನಡುವಯಸ್ಸಿನ ಹೊತ್ತಿಗೆ ನಮ್ಮ ಕೈಬಿಟ್ಟಿರುತ್ತವೆ. ಉದ್ಯೋಗ, ಸಂಸಾರ, ವರ್ಗಾವಣೆ, ಹಣದ ಅಡಚಣೆ, ಹೀಗೆ ಕಾರಣಗಳು ಹಲವು. ಹಾಗೆ ಬಿಟ್ಟುಹೋದುದು ಎಷ್ಟೋ ವರ್ಷಗಳ ಮೇಲೆ ಮರಳಿ ಬರುವುದುಂಟೆ? ಬಂದರೂ, ನಡುವೆ ಕಳೆದ ವರ್ಷಗಳನ್ನೆಲ್ಲ ನಷ್ಟದ ಬಾಬಿಗೆ ಬರೆಯಬೇಕೆ? ಛಾಯಾಗ್ರಹಣದ ಚರಿತ್ರೆಯನ್ನು ಓದಿದವರಿಗೆ ಈ ಪ್ರಶ್ನೆಗೆ ಬಹು ಸ್ವಾರಸ್ಯವಾದ ಉತ್ತರವೊಂದು ದೊರೆಯುತ್ತದೆ. ಆ ಕಲೆಯ ಮೊದಲ ದಿನಗಳಲ್ಲಿಯೇ, ಹಳೆಯ ಒಲವೊಂದು ತಡವಾಗಿ ಚಿಗುರಿದುದರಿಂದ ವಿಜ್ಞಾನಕ್ಕೂ ಕಲೆಗೂ ಆದ ಲಾಭವು ಸಾಮಾನ್ಯವಾದುದಲ್ಲ.

ಕೇಪಿನಲ್ಲಿದ್ದ ಮೂವರು

೧೮೩೬ನೆಯ ಇಸವಿಯಲ್ಲಿ ಆಫ್ರಿಕ ಖಂಡದ ದಕ್ಷಿಣ ತುದಿಯ ಕೇಪ್ ಪ್ರಾಂತದಲ್ಲಿ ಮೂವರು ವ್ಯಕ್ತಿಗಳಿದ್ದರು. ಒಬ್ಬನು ಸರ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ೧೭೮೧ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲನ ಮಗನಾದ ಈತನು, ದಕ್ಷಿಣದ ಆಕಾಶದ ಜೋಡಿ ನಕ್ಷತ್ರಗಳನ್ನೂ ನೀಹಾರಿಕೆಗಳನ್ನೂ ಗುರುತಿಸುವುದಕ್ಕಾಗಿ ೨೦ ಅಡಿಯ ದೂರದರ್ಶಕವನ್ನು ಹಡಗಿನಲ್ಲಿ ಹೇರಿಕೊಂಡು ೧೮೩೪ರಲ್ಲಿ ಅಲ್ಲಿಗೆ ಬಂದಿದ್ದನು. ಎರಡನೆಯವಳು ಜೂಲಿಯಾ ಮಾರ್ಗರೆಟ್. ೧೮೧೫ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈಕೆ ಕಾಯಿಲೆಯಿಂದ ಚೇತರಿಸಿಕೊಳ್ಳುವುದಕ್ಕೆಂದು ಕೇಪಿನ ಹವೆಯನ್ನು ಅರಸಿ ಬಂದಿದ್ದಳು. ಮೂರನೆಯವನು ಚಾರ್ಲ್ಸ್ ಪಿಯಾಜಿ ಸ್ಮಿತ್ ಎಂಬ ೧೭ ವರ್ಷದ ಹುಡುಗ. ಅಲ್ಲಿನ ವೇಧಶಾಲೆಯಲ್ಲಿ ಸಹಾಯಕನಾಗಿದ್ದನು.

ಛಾಯಾಗ್ರಹಣವೆಂಬ ಕಲೆಯು ಆಗ ಇನ್ನೂ ಜಗತ್ತಿಗೆ ಪ್ರಕಟವಾಗಿರಲಿಲ್ಲ. ಅದು ಪ್ರಕಟವಾದುದು ಮೂರು ವರ್ಷಗಳ ಅನಂತರ. ಆದರೂ ಈ ಮೂವರ ಹೆಸರುಗಳೂ ಮುಂದೆ ಆ ಕಲೆಯ ಚರಿತ್ರೆಯಲ್ಲಿ ಸೇರಿಕೊಂಡವು. ಅದಕ್ಕಿಂತ ಹೆಚ್ಚಿನ ಸ್ವಾರಸ್ಯವೆಂದರೆ, ಮೂವರ ಬಾಳಿನಲ್ಲಿಯೂ ಬೆಳಕಿನ ಒಲವು ಒಮ್ಮೆ ಮೊಳೆತು, ಬಹುಕಾಲ ಬದಿಗೆ ಸರಿದು, ತಡವಾಗಿ ಮತ್ತೆ ಮೇಲೆದ್ದಿತು.

ಇಪ್ಪತ್ತು ವರ್ಷ ಕಾದ ಲವಣ

ಹರ್ಷೆಲನ ಕತೆ ೧೮೧೯ರಿಂದ ಆರಂಭವಾಗುತ್ತದೆ. ಆಗ ಅವನಿಗೆ ಇನ್ನೂ ೩೦ ತುಂಬಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಅವನಿಗೆ ಗಾಢವಾದ ಆಸಕ್ತಿಯಿತ್ತು. ಅಂದಿನವರು ‘ಹೈಪೋಸಲ್ಫೈಟ್’ ಎಂದು ಕರೆಯುತ್ತಿದ್ದ ಲವಣಗಳನ್ನು ಪರೀಕ್ಷಿಸುತ್ತಿದ್ದಾಗ ಅವನು ಒಂದು ಸಂಗತಿಯನ್ನು ಗಮನಿಸಿದನು. ನೀರಿನಲ್ಲಿ ಕರಗದ ಬೆಳ್ಳಿಯ ಕ್ಲೋರೈಡು ಈ ಲವಣದ ದ್ರಾವಣದಲ್ಲಿ ಸಕ್ಕರೆಯಂತೆ ಕರಗಿಹೋಗುತ್ತಿತ್ತು. ಇದನ್ನು ಬರೆದು ಪ್ರಕಟಿಸಿ ಅವನು ಸುಮ್ಮನಾದನು. ತಂದೆ ಮುಪ್ಪಿನಲ್ಲಿದ್ದನು, ಆತನ ಆಕಾಶ ಸಮೀಕ್ಷೆಯನ್ನು ಮುಂದುವರಿಸುವ ಹೊಣೆಯು ಮಗನ ಹೆಗಲಿಗೆ ಬಂದಿತು. ರಸಾಯನಶಾಲೆಯ ಗಾಜಿನ ಬಟ್ಟಲುಗಳು ಬದಿಗೆ ಸರಿದವು. ಮುಂದಿನ ೨೦ ವರ್ಷಗಳು ಮುಖ್ಯವಾಗಿ ನಕ್ಷತ್ರಗಳ ಪಾಲಾದವು.

ಈ ನಡುವೆ ಬೇರೆಡೆಗಳಲ್ಲಿ ಬೇರೊಂದು ಪ್ರಯತ್ನವು ನಡೆದಿತ್ತು. ಬೆಳ್ಳಿಯ ಲವಣಗಳು ಬೆಳಕು ಬಿದ್ದಲ್ಲಿ ಕಪ್ಪಾಗುತ್ತವೆ ಎಂಬುದು ೧೮ನೆಯ ಶತಮಾನದಲ್ಲಿಯೇ ತಿಳಿದಿತ್ತು. ೧೮೦೨ರಲ್ಲಿ ವೆಜ್‌ವುಡ್ ಮತ್ತು ಡೇವಿ ಎಂಬವರು ಆ ಲವಣಗಳನ್ನು ಸವರಿದ ಕಾಗದದ ಮೇಲೆ ಎಲೆಗಳ ಆಕೃತಿಗಳನ್ನು ಮೂಡಿಸಿದ್ದರು. ಆದರೆ ಆ ಚಿತ್ರಗಳನ್ನು ಮೇಣದ ಬತ್ತಿಯ ಮಂದವಾದ ಬೆಳಕಿನಲ್ಲಿ ಮಾತ್ರವೇ ನೋಡಬೇಕಾಗಿತ್ತು. ಹಗಲಿಗೆ ತಂದರೆ, ಮೊದಲು ಬೆಳಕು ತಾಕದ ಭಾಗವೂ ಕಪ್ಪಾಗಿ, ಚಿತ್ರವೇ ಅಳಿಸಿಹೋಗುತ್ತಿತ್ತು. ಯಾವ ಬೆಳಕು ಚಿತ್ರವನ್ನು ಬರೆಯಿತೋ ಅದೇ ಬೆಳಕು ಅದನ್ನು ನುಂಗುತ್ತಿತ್ತು. ಚಿತ್ರವನ್ನು ಮೂಡಿಸುವುದಕ್ಕಿಂತ ಅದನ್ನು ಉಳಿಸುವುದೇ ಕಠಿನವಾದ ಸಮಸ್ಯೆಯಾಗಿತ್ತು.

೧೮೩೯ರ ಜನವರಿಯಲ್ಲಿ ಪ್ಯಾರಿಸಿನಿಂದ ಒಂದು ಸುದ್ದಿ ಹಬ್ಬಿತು: ದಾಗೇರ್ ಎಂಬವನು ಕ್ಯಾಮೆರಾದೊಳಗಿನ ಬಿಂಬವನ್ನು ಶಾಶ್ವತವಾಗಿ ಹಿಡಿದಿದ್ದಾನೆ. ಹೇಗೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಹರ್ಷೆಲನು ಆಗ ಕೇಪಿನಿಂದ ಮರಳಿ ಇಂಗ್ಲೆಂಡಿನ ಸ್ಲೌ ಎಂಬ ಊರಿನ ತನ್ನ ಮನೆಯಲ್ಲಿದ್ದನು, ವಯಸ್ಸು ೪೬. ಸುದ್ದಿಯು ಕಿವಿಗೆ ಬಿದ್ದ ಕೆಲವೇ ದಿನಗಳಲ್ಲಿ ಅವನು ಬೆಳ್ಳಿಯ ಲವಣವನ್ನು ಸವರಿದ ಕಾಗದವನ್ನು ಸಿದ್ಧಪಡಿಸಿ, ಬಿಂಬವನ್ನು ಮೂಡಿಸಿ, ೨೦ ವರ್ಷಗಳ ಹಿಂದಿನ ತನ್ನ ಹಳೆಯ ಲವಣದ ದ್ರಾವಣದಲ್ಲಿ ಅದನ್ನು ತೊಳೆದನು. ಬೆಳಕು ತಾಕಿ ಲೋಹವಾದ ಬೆಳ್ಳಿಯು ಕಪ್ಪಾಗಿ ಕಾಗದದಲ್ಲಿಯೇ ನಿಂತಿತು. ಬೆಳಕು ತಾಕದ ಲವಣವು ಕರಗಿ ಹೊರಟುಹೋಯಿತು. ಕಪ್ಪಾಗತಕ್ಕುದೇ ಉಳಿಯದಿದ್ದ ಮೇಲೆ ಹಗಲಿನ ಬೆಳಕಿಗೆ ಅಳಿಸುವ ಶಕ್ತಿಯೆಲ್ಲಿ? ಚಿತ್ರವು ಸ್ಥಿರವಾಯಿತು.

ರಸಾಯನಶಾಸ್ತ್ರಜ್ಞರು ಇಂದು ಇದನ್ನು ಸೋಡಿಯಂ ಥಯೋಸಲ್ಫೇಟ್ ಎಂದು ಕರೆಯುತ್ತಾರೆ. ಕತ್ತಲೆಯ ಕೋಣೆಯಲ್ಲಿ ಕೆಲಸ ಮಾಡುವವರ ಬಾಯಲ್ಲಿ ಮಾತ್ರ ಹರ್ಷೆಲನ ಕಾಲದ ಹೆಸರೇ ಚುಟುಕಾಗಿ ‘ಹೈಪೋ’ ಎಂದು ಉಳಿದಿದೆ. ಅಂದಿನಿಂದ ಇಂದಿನವರೆಗೆ ಬೆಳ್ಳಿಯ ಫಿಲ್ಮನ್ನು ತೊಳೆಯುವವರೆಲ್ಲರೂ ಇದನ್ನಾಗಲಿ ಇದರ ಸೋದರ ಲವಣವನ್ನಾಗಲಿ ಬಳಸುತ್ತ ಬಂದಿದ್ದಾರೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹರ್ಷೆಲನು ಗಾಜಿನ ಮೇಲೆ ಒಂದು ಚಿತ್ರವನ್ನು ಹಿಡಿದನು. ಅದು ಅವನ ತಂದೆಯು ೧೭೮೯ರಲ್ಲಿ ಕಟ್ಟಿ ಮುಗಿಸಿದ್ದ ೪೦ ಅಡಿಯ ಮಹಾ ದೂರದರ್ಶಕದ ಚಿತ್ರ. ಯಂತ್ರದ ಮರದ ಚೌಕಟ್ಟು ಜೀರ್ಣವಾಗಿತ್ತು. ಅದನ್ನು ಕಳಚುವ ಕಾಲ ಬಂದಿತ್ತು. ಕಳಚುವುದಕ್ಕೆ ಮೊದಲು ಮಗನು ಅದನ್ನು ಬೆಳಕಿನಿಂದ ಬರೆಸಿಟ್ಟನು. ದೂರದರ್ಶಕವು ಹೋಯಿತು, ಆ ಗಾಜಿನ ಬಿಲ್ಲೆಯು ಬ್ರಿಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಇಂದಿಗೂ ಇದೆ.

೧೮೪೨ರಲ್ಲಿ ಅವನು ಬೆಳ್ಳಿಯನ್ನು ಬಿಟ್ಟು ಕಬ್ಬಿಣದ ಲವಣಗಳಿಂದ ನೀಲಿ ಬಣ್ಣದ ಚಿತ್ರಗಳನ್ನು ತೆಗೆಯುವ ಕ್ರಮವನ್ನು ಕಂಡುಹಿಡಿದನು. ಇದನ್ನು ತೊಳೆಯುವುದಕ್ಕೆ ಬರಿಯ ನೀರು ಸಾಕು. ಮುಂದೆ ಎಂಜಿನಿಯರುಗಳು ಸೇತುವೆ, ಕಟ್ಟಡಗಳ ನಕ್ಷೆಗಳ ಪ್ರತಿಗಳನ್ನು ಈ ಕ್ರಮದಿಂದಲೇ ತೆಗೆದರು. ಯಾವುದೇ ಯೋಜನೆಗೆ ನಾವು ಕನ್ನಡದಲ್ಲಿ ‘ನೀಲನಕ್ಷೆ’ ಎನ್ನುವಾಗ, ಹರ್ಷೆಲನ ಆ ನೀಲಿಯನ್ನೇ ಅರಿಯದೆ ನೆನೆಯುತ್ತಿರುತ್ತೇವೆ.

ನಲವತ್ತೆಂಟರಲ್ಲಿ ಕ್ಯಾಮೆರಾ

ಜೂಲಿಯಾ ಮಾರ್ಗರೆಟ್ ಕೇಪಿನಲ್ಲಿ ಇಬ್ಬರ ಪರಿಚಯವನ್ನು ಪಡೆದಳು. ಒಬ್ಬನು ಹರ್ಷೆಲ್. ಇನ್ನೊಬ್ಬನು ಚಾರ್ಲ್ಸ್ ಹೇ ಕ್ಯಾಮೆರಾನ್. ಮೆಕಾಲೆಯೊಡನೆ ಭಾರತದ ಕಾನೂನು ಆಯೋಗದಲ್ಲಿ ಕೆಲಸ ಮಾಡಿದ ನ್ಯಾಯಶಾಸ್ತ್ರಜ್ಞ. ೧೮೩೮ರಲ್ಲಿ ಕಲ್ಕತ್ತೆಯಲ್ಲಿ ಈತನೊಡನೆ ಆಕೆಯ ಮದುವೆಯಾಯಿತು. ಛಾಯಾಗ್ರಹಣವು ಹೊಸದಾಗಿ ಹೊರಬಂದಾಗ ಹರ್ಷೆಲನು ಆ ವಿಷಯವನ್ನು ಕಾಗದಗಳಲ್ಲಿ ಬರೆದು, ಮೊದಮೊದಲ ಚಿತ್ರಗಳ ಮಾದರಿಗಳನ್ನು ಕಲ್ಕತ್ತೆಗೆ ಕಳುಹಿಸಿದನು. ಆಕೆಯ ಮನಸ್ಸಿನಲ್ಲಿ ಕುತೂಹಲವು ಆಗಲೇ ಮೊಳೆತಿತು. ಆದರೆ ಮಕ್ಕಳು, ಮನೆವಾರ್ತೆ, ಸಮುದ್ರದಾಚೆಗೆ ಸಂಸಾರದ ಸ್ಥಳಾಂತರ, ಇವುಗಳ ನಡುವೆ ೨೦ ವರ್ಷಗಳು ಉರುಳಿದವು.

೧೮೬೩ರ ಕೊನೆಯಲ್ಲಿ, ಮಕ್ಕಳು ದೊಡ್ಡವರಾಗಿ ಮನೆಯು ಬರಿದಾಗಿದ್ದಾಗ, ಮಗಳೂ ಅಳಿಯನೂ ಆಕೆಗೆ ಒಂದು ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟರು. ಆಗ ಆಕೆಗೆ ೪೮ ವರ್ಷ. ಇಂಗ್ಲೆಂಡಿನ ವೈಟ್ ದ್ವೀಪದ ತನ್ನ ಮನೆಯಲ್ಲಿ ಇದ್ದಲಿನ ಕೋಣೆಯನ್ನು ಕತ್ತಲೆಯ ಕೋಣೆಯನ್ನಾಗಿಯೂ, ಕೋಳಿಯ ಗೂಡನ್ನು ಗಾಜು ಹೊದಿಸಿದ ಚಿತ್ರಶಾಲೆಯನ್ನಾಗಿಯೂ ಮಾಡಿಕೊಂಡಳು.

ಅಂದಿನ ಕ್ರಮವು ಸುಲಭವಾದುದಲ್ಲ. ಗಾಜಿನ ಬಿಲ್ಲೆಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಿಸಿ, ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿ, ಅದು ಒಣಗುವುದರೊಳಗಾಗಿ ಚಿತ್ರವನ್ನು ಹಿಡಿದು, ಕೂಡಲೇ ತೊಳೆದು ಮುಗಿಸಬೇಕು. ಎದುರು ಕುಳಿತವರು ನಿಮಿಷಗಟ್ಟಲೆ ಅಲುಗದಿರಬೇಕು. ಬೆಳ್ಳಿಯ ಲವಣದಿಂದ ಕೈಗಳು ಕಪ್ಪಾಗುತ್ತಿದ್ದವು. ಕಲೆಯನ್ನು ತೆಗೆಯುವುದಕ್ಕೆ ಬಳಸುತ್ತಿದ್ದ ಪೊಟ್ಯಾಸಿಯಂ ಸಯನೈಡು ಘೋರವಾದ ವಿಷ. ಅದನ್ನು ಇಷ್ಟು ಧಾರಾಳವಾಗಿ ಕೈಗೆ ಸುರಿದುಕೊಳ್ಳಬಾರದೆಂದು ಮುದುಕನಾದ ಹರ್ಷೆಲನು ಆಕೆಗೆ ಕಾಗದ ಬರೆದು ಎಚ್ಚರಿಸಿದನು.

೧೮೬೭ರಲ್ಲಿ ಆಕೆ ಹರ್ಷೆಲನ ಭಾವಚಿತ್ರವನ್ನೇ ತೆಗೆದಳು. ಕತ್ತಲೆಯ ಹಿನ್ನೆಲೆಯಿಂದ ಹೊರಹೊಮ್ಮುವ ೭೫ ವರ್ಷದ ಮುಖ, ಕೆದರಿದ ಬೆಳ್ಳಿಗೂದಲು, ನೋಟದ ಆಳ, ಇವುಗಳನ್ನು ಕಂಡವರು ಅದನ್ನು ಮರೆಯುವುದಿಲ್ಲ. ೩೦ ವರ್ಷಗಳಿಂದ ಬಲ್ಲ ಮುಖವದು. ಕ್ಯಾಮೆರಾವನ್ನು ೨೦ರ ಹರೆಯದಲ್ಲಿಯೇ ಹಿಡಿದಿದ್ದರೆ ಆಕೆಗೆ ಕೈಚಳಕವೇನೋ ಬರುತ್ತಿತ್ತು; ಆದರೆ ಮುಖಗಳನ್ನು ಓದುವ ಈ ಬಗೆಯು ಬರುತ್ತಿತ್ತೆ ಎಂಬುದು ಸಂಶಯ.

ಕಿಟಕಿಯ ಬಳಿಯ ಮುದುಕ

ಕೇಪಿನ ಹುಡುಗ ಪಿಯಾಜಿ ಸ್ಮಿತನು ೧೮೪೦ರ ದಶಕದಲ್ಲಿ ಅಲ್ಲಿಯೇ ಕಾಗದದ ಮೇಲೆ ಛಾಯಾಚಿತ್ರಗಳನ್ನು ತೆಗೆದವನು. ಅನಂತರ ಸ್ಕಾಟ್ಲೆಂಡಿನ ರಾಜಖಗೋಲಜ್ಞನಾದನು. ೧೮೫೬ರಲ್ಲಿ, ಎತ್ತರವಾದ ಪರ್ವತದ ಮೇಲೆ ದೂರದರ್ಶಕವು ಹೆಚ್ಚು ಸ್ಪಷ್ಟವಾಗಿ ಕಾಣುವುದೆಂಬುದನ್ನು ತೋರಿಸಲು ಟೆನರೀಫ್ ದ್ವೀಪದ ಶಿಖರವನ್ನೇರಿ, ಅಲ್ಲಿ ತೆಗೆದ ಜೋಡಿ ಚಿತ್ರಗಳೊಡನೆ ೧೮೫೮ರಲ್ಲಿ ಪುಸ್ತಕವನ್ನು ಪ್ರಕಟಿಸಿದನು. ೧೮೬೫ರಲ್ಲಿ ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗೆ ಮೆಗ್ನೀಸಿಯಂ ಲೋಹವನ್ನು ಉರಿಸಿ, ಅದರ ಬೆಳಕಿನಲ್ಲಿ ಚಿತ್ರಗಳನ್ನು ಹಿಡಿದನು. ಪಿರಮಿಡ್ಡಿನ ಅಳತೆಗಳ ಮೇಲೆ ಅವನು ಕಟ್ಟಿದ ವಿಚಿತ್ರ ಸಿದ್ಧಾಂತಗಳು ನಿಲ್ಲಲಿಲ್ಲ, ಚಿತ್ರಗಳು ನಿಂತವು.

೧೮೮೮ರಲ್ಲಿ ಅವನು ಉದ್ಯೋಗದಿಂದ ನಿವೃತ್ತನಾಗಿ ಇಂಗ್ಲೆಂಡಿನ ರಿಪನ್ ಪಟ್ಟಣದ ಬಳಿಯ ಒಂದು ಮನೆಯಲ್ಲಿ ನೆಲಸಿದನು. ಅಲ್ಲಿ ದೊಡ್ಡ ವೇಧಶಾಲೆಯಿಲ್ಲ, ಏರುವುದಕ್ಕೆ ಪರ್ವತವಿಲ್ಲ, ದೇಹದಲ್ಲಿ ಮೊದಲಿನ ಕಸುವೂ ಇಲ್ಲ. ಆದರೆ ಕಿಟಕಿಯಿತ್ತು, ಕಿಟಕಿಯಾಚೆ ಮುಗಿಲಿತ್ತು. ೭೦ ದಾಟಿದ ಮುದುಕನು ಕ್ಯಾಮೆರಾವನ್ನು ಮತ್ತೆ ಕೈಗೆತ್ತಿಕೊಂಡು, ೧೮೯೦ರ ದಶಕದ ಆರಂಭದ ವರ್ಷಗಳಲ್ಲಿ ಮೋಡಗಳ ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೆಗೆದು ಸಂಪುಟಗಳಾಗಿ ಜೋಡಿಸಿದನು. ಇದು ಮುದುಕರ ಕಾಲಕ್ಷೇಪವೆಂದು ನಗಬೇಡಿರಿ. ಮೋಡಗಳ ವರ್ಗೀಕರಣಕ್ಕೆ ಎಲ್ಲ ದೇಶಗಳೂ ಒಪ್ಪುವ ಚಿತ್ರಗಳು ಬೇಕಾಗಿದ್ದ ಕಾಲವದು. ಮೊದಲನೆಯ ಅಂತರರಾಷ್ಟ್ರೀಯ ಮೇಘಪಟಸಂಪುಟವು ಪ್ರಕಟವಾದುದು ೧೮೯೬ರಲ್ಲಿ. ಬಾಳೆಲ್ಲ ಆಕಾಶವನ್ನು ನೋಡಿ ಪಳಗಿದ ಕಣ್ಣಿಗೆ ಮೋಡವೂ ಒಂದು ವೀಕ್ಷಣೆಯೇ ಹೊರತು ಬರಿಯ ಅಲಂಕಾರವಲ್ಲ.

ಚಾಳೀಸಿನ ಕಣ್ಣು

ತಡವಾಗಿ ಮರಳುವವರಿಗೆ ಒಂದು ತೊಡಕು ನಿಜವಾಗಿಯೂ ಉಂಟು. ಅದು ಕಣ್ಣಿನದು. ನಮ್ಮ ಕಣ್ಣಿನ ಮಸೂರವು ಎಳೆತನದಲ್ಲಿ ಮೆತ್ತಗಿದ್ದು, ಹತ್ತಿರದ ವಸ್ತುವನ್ನು ನೋಡುವಾಗ ಉಬ್ಬಿ ಅದರ ಬಿಂಬವನ್ನು ಅಕ್ಷಿಪಟದ ಮೇಲೆ ಸರಿಯಾಗಿ ಬೀಳಿಸುತ್ತದೆ. ವಯಸ್ಸಾದಂತೆ ಅದು ಗಡುಸಾಗುತ್ತದೆ. ೨೦ರ ಹರೆಯದವನು ಸುಮಾರು ೧೦ ಸೆಂ.ಮೀ. ದೂರದಲ್ಲಿರುವ ಅಕ್ಷರವನ್ನು ಓದಬಲ್ಲನು. ೫೦ ದಾಟುವ ಹೊತ್ತಿಗೆ ಆ ದೂರವು ಸುಮಾರು ಅರ್ಧ ಮೀಟರಿಗೆ ಸರಿಯುತ್ತದೆ. ೬೦ರ ಸುಮಾರಿಗೆ ಒಂದು ಮೀಟರನ್ನು ಸಮೀಪಿಸುತ್ತದೆ. ೪೦ರ ಆಚೆಗೆ ಕಾಣಿಸಿಕೊಳ್ಳುವ ದೋಷವಾದುದರಿಂದಲೇ ನಮ್ಮ ಹಿರಿಯರು ಇದಕ್ಕೆ ‘ಚಾಳೀಸು’ ಎಂದರು. ಅಷ್ಟೇ ಅಲ್ಲ, ಮಸೂರವು ಕ್ರಮೇಣ ಹಳದಿಗೆ ತಿರುಗಿ, ನೀಲಿ ಮತ್ತು ನೇರಿಳೆ ಕಿರಣಗಳನ್ನು ಸ್ವಲ್ಪ ಸ್ವಲ್ಪವಾಗಿ ತಡೆಯುತ್ತದೆ. ಮುದುಕನು ಕಾಣುವ ಮುಗಿಲು ಮೊಮ್ಮಗನು ಕಾಣುವಷ್ಟು ನೀಲಿಯಲ್ಲ.

ಮೊದಲ ತೊಡಕಿಗೆ ಪರಿಹಾರವು ಸುಲಭ. ಕನ್ನಡಕವಿದೆ, ಇಂದಿನ ಕ್ಯಾಮೆರಾಗಳು ತಾವಾಗಿಯೇ ಬಿಂಬವನ್ನು ಸ್ಫುಟಗೊಳಿಸಿಕೊಳ್ಳುತ್ತವೆ. ಎರಡನೆಯದಕ್ಕೆ ಮಿದುಳೇ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಏಕೆಂದರೆ ನೋಡುವ ಕೆಲಸವು ಕಣ್ಣಿನಲ್ಲಿ ಮುಗಿಯುವುದಿಲ್ಲ. ನೆರಳು ಎತ್ತ ಬೀಳುವುದು, ಯಾವ ಹೊತ್ತಿನಲ್ಲಿ ಬಂಡೆಯ ಮೈಯ ಒರಟು ಎದ್ದುಕಾಣುವುದು ಎಂಬ ವಿವೇಚನೆಯನ್ನು ಗಡುಸಾದ ಮಸೂರವು ಕಸಿದುಕೊಳ್ಳುವುದಿಲ್ಲ.

ಕಾಲವನ್ನು ಅಳೆಯುವ ಕ್ರಮ

ಮರಳಿ ಬಂದವನ ಬಳಿ ಹರೆಯದವನ ಬಳಿಯಿಲ್ಲದ ಒಂದು ಸಂಪತ್ತು ಇರುತ್ತದೆ. ಅದು ಅವನ ಹಳೆಯ ಚಿತ್ರಗಳು. ಒಂದೇ ಸ್ಥಳದಿಂದ, ಒಂದೇ ನೋಟವನ್ನು, ಬಹುಕಾಲದ ಅಂತರದಲ್ಲಿ ಮತ್ತೆ ಛಾಯಾಚಿತ್ರಕ್ಕೆ ಹಿಡಿದು ಹೋಲಿಸಿ ನೋಡುವುದು ವಿಜ್ಞಾನದಲ್ಲಿ ಒಂದು ಮಾನ್ಯವಾದ ಕ್ರಮ. ಹಿಮನದಿಗಳು ಎಷ್ಟು ಹಿಂದೆ ಸರಿದಿವೆಯೆಂಬುದನ್ನು ಹೀಗೆ ತೋರಿಸಿದ್ದಾರೆ. ಅಮೆರಿಕ ಮತ್ತು ಮೆಕ್ಸಿಕೊ ಗಡಿಯ ಮರುಭೂಮಿಯಲ್ಲಿ ಹೇಸ್ಟಿಂಗ್ಸ್ ಮತ್ತು ಟರ್ನರ್ ಎಂಬವರು ಹಳೆಯ ಚಿತ್ರಗಳ ಜಾಗಗಳನ್ನು ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದು, ಗಿಡಮರಗಳು ಹೇಗೆ ಬದಲಾದುವೆಂಬುದನ್ನು ೧೯೬೫ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಇದಕ್ಕೆ ದುಬಾರಿ ಉಪಕರಣಗಳು ಬೇಕಿಲ್ಲ. ಚಿತ್ರದಲ್ಲಿ ಒಂದು ವಸ್ತುವಿನ ಹಿಂದೆ ಇನ್ನೊಂದು ವಸ್ತು ಎಲ್ಲಿ ಕಾಣುತ್ತದೆ ಎಂಬುದು ಮಸೂರವನ್ನು ಅವಲಂಬಿಸಿಲ್ಲ. ನಾವು ನಿಂತ ಜಾಗವನ್ನು ಮಾತ್ರ ಅವಲಂಬಿಸಿದೆ. ಗುಡಿಯ ಕಳಶವು ದೂರದ ಗುಡ್ಡದ ಕಣಿವೆಗೆ ಸರಿಯಾಗಿ ಕಾಣುತ್ತಿದ್ದರೆ, ನಾವು ಕಳಶ ಮತ್ತು ಕಣಿವೆಗಳನ್ನು ಸೇರಿಸುವ ಗೆರೆಯ ಮೇಲೆ ಇದ್ದೇವೆಂದು ಅರ್ಥ. ಇಂಥ ಇನ್ನೊಂದು ಗೆರೆಯನ್ನು ಹುಡುಕಿರಿ. ಎರಡು ಗೆರೆಗಳು ಕೂಡುವ ಬಿಂದುವೇ ಹಳೆಯ ಕ್ಯಾಮೆರಾ ಇದ್ದ ಜಾಗ.

ನಮ್ಮದೇ ಒಂದು ಉದಾಹರಣೆಯನ್ನು ಹೇಳುವುದಾದರೆ ವಾಚಕರು ಮನ್ನಿಸಬೇಕು. ೧೯೭೦ರ ದಶಕದಲ್ಲಿ ಕಾಲೇಜಿನಲ್ಲಿ ಓದುತ್ತಿದ್ದಾಗ ನಮ್ಮ ಬಳಿ ಒಂದು ಡಬ್ಬಿ ಕ್ಯಾಮೆರಾ ಇತ್ತು. ‘ಬಿಸಿಲು’, ‘ಮೋಡ’ ಎಂಬ ಎರಡು ಗುರುತುಗಳ ಹೊರತು ಅದರಲ್ಲಿ ತಿರುಗಿಸುವುದಕ್ಕೆ ಬೇರೇನೂ ಇರಲಿಲ್ಲ. ಊಟಿಯ ಕಾರ್ಖಾನೆಯಲ್ಲಿ ಆಗ ತಯಾರಾಗುತ್ತಿದ್ದ ‘ಇಂದು’ ಎಂಬ ಸ್ವದೇಶಿ ಫಿಲ್ಮು. ಒಂದು ಸುರುಳಿಗೆ ೧೨ ಚಿತ್ರಗಳು. ವಿದ್ಯಾರ್ಥಿನಿಲಯದ ಸ್ನಾನದ ಕೋಣೆಯೇ ರಾತ್ರಿಯಲ್ಲಿ ನಮ್ಮ ಕತ್ತಲೆಯ ಕೋಣೆ. ಅನಂತರ ಉದ್ಯೋಗವು ಊರೂರು ಸುತ್ತಿಸಿತು. ಕ್ಯಾಮೆರಾ ಟ್ರಂಕಿನ ತಳವನ್ನು ಸೇರಿತು. ೪೦ ವರ್ಷಗಳ ಮೇಲೆ, ನಿವೃತ್ತಿಯ ಅನಂತರ, ನಾವು ಅದೇ ಹವ್ಯಾಸಕ್ಕೆ ಮರಳಿದೆವು. ಟ್ರಂಕಿನಲ್ಲಿದ್ದ ನೆಗೆಟಿವುಗಳಲ್ಲಿ ಕೆಲವಕ್ಕೆ ಬೂಷ್ಟು ಹಿಡಿದಿತ್ತು, ಹೆಚ್ಚಿನವು ಚೆನ್ನಾಗಿದ್ದವು. ನಡುವಿನ ವರ್ಷಗಳಲ್ಲಿ ಮನೆಯವರು ತೆಗೆಸಿದ ಬಣ್ಣದ ಚಿತ್ರಗಳು ಮಾತ್ರ ಕೆಂಪಗೆ ಮಾಸಿದ್ದವು. ಕಪ್ಪು-ಬಿಳುಪಿನ ಚಿತ್ರದಲ್ಲಿರುವುದು ಲೋಹದ ಬೆಳ್ಳಿ. ಬಣ್ಣದ ಚಿತ್ರದಲ್ಲಿರುವುದು ಸಾವಯವ ವರ್ಣದ್ರವ್ಯ. ಎರಡನೆಯದು ಕತ್ತಲೆಯಲ್ಲಿಟ್ಟರೂ ಮೆಲ್ಲಮೆಲ್ಲನೆ ಒಡೆಯುತ್ತದೆ.

ಅವುಗಳಲ್ಲಿ ಒಂದು ನೆಗೆಟಿವಿನಲ್ಲಿ ನಮ್ಮೂರ ಕೆರೆಯಿತ್ತು. ಏರಿಯ ಮೇಲೆ ಒಂದು ವೀರಗಲ್ಲು. ಅದರ ಪಕ್ಕದಲ್ಲಿ ನಮ್ಮ ತಂದೆಯವರು. ಆಚೆಯ ದಡದಲ್ಲಿ ಗುಡಿಯ ಮೆಟ್ಟಿಲುಗಳು. ಊರಿನಲ್ಲಿ ಕೆರೆಯ ವಿಷಯವಾಗಿ ಎರಡು ಮಾತುಗಳಿದ್ದವು. ಬೇಸಿಗೆಯಲ್ಲಿಯೂ ನೀರು ಗುಡಿಯ ಮೆಟ್ಟಿಲಿಗೆ ತಾಗುತ್ತಿತ್ತೆಂದು ಹಿರಿಯರು. ಅದೆಲ್ಲ ಕಟ್ಟುಕತೆ, ಈ ಜಾಲಿಯ ಪೊದೆ ಎಂದಿನಿಂದಲೂ ಇರುವುದೇ ಎಂದು ತರುಣರು. ನೆಗೆಟಿವಿನ ಅಂಚಿನಲ್ಲಿ ನಾವು ಅಂದೇ ಬರೆದಿಟ್ಟ ತಾರೀಖು ಮಾರ್ಚ್ ತಿಂಗಳದು. ದೊಡ್ಡದು ಮಾಡಿ ನೋಡಿದಾಗ, ನೀರು ಮೇಲಿನಿಂದ ಐದನೆಯ ಮೆಟ್ಟಿಲಿಗೆ ನಿಂತಿತ್ತು. ಕೆರೆಯಂಗಳದಲ್ಲಿ ಒಂದು ಜಾಲಿಯೂ ಇರಲಿಲ್ಲ. ಅಮೆರಿಕ ಖಂಡದಿಂದ ಬಂದು, ಬಯಲುಸೀಮೆಯ ಎಷ್ಟೋ ಕೆರೆಗಳ ಅಂಗಳವನ್ನು ಆಕ್ರಮಿಸಿರುವ ಬಳ್ಳಾರಿ ಜಾಲಿಯು ನಮ್ಮ ಕೆರೆಗೆ ಬಂದುದು ಆ ಚಿತ್ರದ ಅನಂತರವೇ ಎಂಬುದು ಖಚಿತವಾಯಿತು. ಅದೇ ಜಾಗವನ್ನು ಹುಡುಕಿ, ಅದೇ ತಿಂಗಳಲ್ಲಿ ಅದೇ ಹೊತ್ತಿಗೆ ನಿಂತು ಇನ್ನೊಂದು ಚಿತ್ರವನ್ನು ತೆಗೆದೆವು. ಅದರಲ್ಲಿ ಕೊನೆಯ ಮೆಟ್ಟಿಲಿಗೂ ನೀರಿಲ್ಲ; ಎದುರಿಗೆಲ್ಲ ಮುಳ್ಳಿನ ಹಸುರು. ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಕೆರೆಯ ಹೂಳಿನ ಮಾತು ಊರಿನಲ್ಲಿ ಬೇರೆ ಬಗೆಯಿಂದ ನಡೆಯತೊಡಗಿತು.

ಅದೇ ನೆಗೆಟಿವಿನಿಂದ ಇನ್ನೊಂದು ಅಳತೆಯೂ ದೊರಕಿತು. ನೆಗೆಟಿವಿನಲ್ಲಿ ವೀರಗಲ್ಲಿನ ಎತ್ತರ ೨೦ ಮಿ.ಮೀ.; ತಂದೆಯವರದು ೨೨ ಮಿ.ಮೀ. ಇಬ್ಬರೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವುದರಿಂದ ಸಮರೂಪ ತ್ರಿಕೋಣಗಳ ನಿಯಮವು ನೇರವಾಗಿ ಅನ್ವಯಿಸುತ್ತದೆ. ವೀರಗಲ್ಲು ಇಂದಿಗೂ ಅಲ್ಲಿಯೇ ಇದೆ. ಅಳೆದರೆ ಸರಿಯಾಗಿ ೫ ಅಡಿ. ಹಾಗಾದರೆ ತಂದೆಯವರ ಎತ್ತರ ೫ ಅಡಿ ೬ ಅಂಗುಲ. ಅವರು ಬದುಕಿದ್ದಾಗ ಅವರ ಎತ್ತರವನ್ನು ಯಾರೂ ಅಳೆದಿರಲಿಲ್ಲ.

ಇಂದಿನ ಸ್ಥಿರೀಕರಣ

ಇಂದು ಬೆಳಕನ್ನು ಹಿಡಿಯುವುದು ಬೆಳ್ಳಿಯ ಲವಣವಲ್ಲ, ಸಿಲಿಕಾನಿನ ಬಿಲ್ಲೆ. ಬೆಳಕಿನ ಕಣಗಳು ಅದರಲ್ಲಿ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ; ಅವುಗಳ ಮೊತ್ತವನ್ನು ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಚಿತ್ರವನ್ನು ಮೂಡಿಸುವುದು ಹಿಂದೆಂದಿಗಿಂತ ಸುಲಭವಾಗಿದೆ. ಆದರೆ ವೆಜ್‌ವುಡ್ ಮತ್ತು ಡೇವಿಯವರನ್ನು ಕಾಡಿದ ಸಮಸ್ಯೆಯು ವೇಷ ಬದಲಿಸಿ ಮರಳಿದೆ. ಚಿತ್ರವನ್ನು ಉಳಿಸುವುದು ಹೇಗೆ? ಫೋನು ಕಳೆದುಹೋಗುತ್ತದೆ, ಸಂಗ್ರಹದ ತಟ್ಟೆಯು ಕೆಡುತ್ತದೆ. ಅಂಕಿಗಳ ಚಿತ್ರಕ್ಕೆ ಹೈಪೋ ಎಂಬುದಿದ್ದರೆ ಅದು ಪ್ರತಿಗಳೇ. ಬೇರೆ ಬೇರೆ ಎಡೆಗಳಲ್ಲಿ ಕನಿಷ್ಠ ಎರಡು ಪ್ರತಿಗಳಿರಬೇಕು. ಮುಖ್ಯವಾದುದನ್ನು ಕಾಗದದ ಮೇಲೂ ಅಚ್ಚು ಹಾಕಿಸಿಡಬೇಕು.

ಮನೆಯ ಹಳೆಯ ನೆಗೆಟಿವುಗಳಿಗೂ ಕಾಲವು ಮೀರುತ್ತಿದೆ. ಅವುಗಳ ಜೆಲಟಿನ್ ಪದರವು ಬೂಷ್ಟಿಗೆ ಆಹಾರ. ನಮ್ಮ ಮಳೆಗಾಲದ ತೇವವು ಅದಕ್ಕೆ ಹಬ್ಬ. ಅವನ್ನು ಅಟ್ಟದಿಂದ ಇಳಿಸಿರಿ. ಅಂಚುಗಳನ್ನು ಮಾತ್ರ ಮುಟ್ಟಿರಿ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು, ತಂಪಾದ ಒಣ ಜಾಗದಲ್ಲಿರಿಸಿರಿ. ಬಿಳಿಯ ಬೆಳಕಿನ ಎದುರಿಗೆ ಹಿಡಿದು ಅವುಗಳ ಪ್ರತಿಗಳನ್ನು ತೆಗೆಯಿರಿ. ಚಿತ್ರದಲ್ಲಿರುವವರ ಹೆಸರು, ಊರು, ವರ್ಷಗಳನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿರಿ. ಯಾರದೆಂದು ತಿಳಿಯದ ಮುಖವು ಎಷ್ಟು ಸ್ಪಷ್ಟವಾಗಿದ್ದರೇನು?

ತರುಣ ವಾಚಕರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಊರಿನ ಕೆರೆಯನ್ನೋ ಗುಡ್ಡವನ್ನೋ ಬೀದಿಯನ್ನೋ ಆರಿಸಿಕೊಂಡು, ಅಲ್ಲಾಡದ ಒಂದು ಗುರುತಿನ ಬಳಿ ನಿಂತು, ವರ್ಷಕ್ಕೊಮ್ಮೆ ಒಂದು ಚಿತ್ರವನ್ನು ತೆಗೆಯಿರಿ. ನಿಂತ ಜಾಗ, ದಿನಾಂಕ, ಹೊತ್ತುಗಳನ್ನು ಬರೆದಿಡಿರಿ. ನಾಲ್ಕಾರು ವರ್ಷಗಳಲ್ಲಿ ಓದು, ಉದ್ಯೋಗಗಳ ಸೆಳೆತದಲ್ಲಿ ನೀವೂ ಇದನ್ನು ಬಿಡಬಹುದು. ಅದಕ್ಕಾಗಿ ಮರುಗಬೇಕಾಗಿಲ್ಲ. ಹರ್ಷೆಲನ ಲವಣವು ೨೦ ವರ್ಷ ಕಾದಿತು. ತೆಗೆದಿಟ್ಟ ಚಿತ್ರವೂ ಕಾಯುತ್ತದೆ. ತಾರೀಖನ್ನು ಬರೆದು ಜೋಪಾನವಾಗಿ ಇಟ್ಟಿದ್ದರೆ ಸಾಕು.